ನಿಂಬೆಹಣ್ಣಿನ ಲೆಕ್ಕ

ಪಂದ್ಯ ಕಟ್ಟುವುದು ಸುಲಭ, ಪಂದ್ಯದ ಕರಾರು ಕಟ್ಟುವುದು ಕಷ್ಟ. ಹರಪನಹಳ್ಳಿ, ಕೊಟ್ಟೂರು ಕಡೆಯ ಊರುಗಳಲ್ಲಿ ನಾಗರಪಂಚಮಿ ಹತ್ತಿರ ಬಂತೆಂದರೆ ಮನೆಯೊಳಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಸಡಗರ. ಬೇವಿನ ಮರಕ್ಕೆ ಜೋಕಾಲಿ ಬೀಳುತ್ತದೆ, ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತಾರೆ. ಗಂಡಸರಿಗೆ ಮಾತ್ರ ಆ ನಾಲ್ಕು ದಿನ ಪಂದ್ಯದ ಹುಚ್ಚು. ಜೋಳದ ಚೀಲ ಹೊತ್ತು ಗುಡಿ ಸುತ್ತು ಹಾಕುತ್ತೀಯಾ? ಗುಂಡು ಎತ್ತುತ್ತೀಯಾ? ಕಣ್ಣು ಕಟ್ಟಿಕೊಂಡು ಅಗಸಿ ಬಾಗಿಲು ಮುಟ್ಟುತ್ತೀಯಾ? ಇಷ್ಟು ಎಸೆತದಲ್ಲಿ ನಿಂಬೆಹಣ್ಣನ್ನು ಪಕ್ಕದೂರಿಗೆ ಮುಟ್ಟಿಸುತ್ತೀಯಾ?

ಈ ಕೊನೆಯದರಲ್ಲಿ ನಮ್ಮ ಮಾವನಿಗೆ ಸರಿಸಾಟಿ ಇರಲಿಲ್ಲ. ರಕ್ತಸಂಬಂಧದ ಮಾವನೇನಲ್ಲ. ಊರಿನ ಅರ್ಧ ಹುಡುಗರಿಗೆ ಅವರು ಮಾವ, ಇನ್ನರ್ಧಕ್ಕೆ ಅಣ್ಣ. ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಹೆಸರು ಇಲ್ಲಿ ಬೇಡ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವುದಕ್ಕೂ ಮುಂಚೆ, ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲದ ಮಾತು ಇದು.

ನೋಡಲು ಪೈಲ್ವಾನರಂತಿರಲಿಲ್ಲ. ಉದ್ದನೆಯ ಆಳು, ಒಣಕಲು ಮೈ. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಬೇರೆಯೇ ದೇಹದ್ದೇನೋ ಎನ್ನುವಷ್ಟು ಗಟ್ಟಿ. ಕವಣೆಯಲ್ಲಿ ಹಕ್ಕಿ ಓಡಿಸುತ್ತ ಬೆಳೆದ ಕೈ ಅದು. ಜೋಳ ಹಾಲುಗಾಳು ಕಟ್ಟುವಾಗ ಅಟ್ಟದ ಮೇಲೆ ನಿಂತು, ಹೊಲದ ಆ ತುದಿಯಲ್ಲಿ ಕೂತ ಗುಬ್ಬಿ ಹಿಂಡಿನ ಪಕ್ಕಕ್ಕೇ ಕಲ್ಲು ಬೀಳಿಸುತ್ತಿದ್ದರು. ಹಕ್ಕಿಗೆ ತಾಗಿಸುತ್ತಿರಲಿಲ್ಲ. ಎದ್ದು ಹೋದರೆ ಸಾಕು ಅನ್ನುತ್ತಿದ್ದರು.

ನಿಂಬೆಹಣ್ಣನ್ನು ದೂರ ಎಸೆಯುವುದು ಎಷ್ಟು ತ್ರಾಸದ ಕೆಲಸ ಎಂಬುದು ಎಸೆದು ನೋಡಿದವರಿಗೆ ಗೊತ್ತು. ಕ್ರಿಕೆಟ್ ಚೆಂಡು 156 ಗ್ರಾಮಿಗೆ ಕಡಿಮೆ ಇರುವಂತಿಲ್ಲ, ಕೈಗೆ ತೂಕ ಸಿಗುತ್ತದೆ. ಗಾಲ್ಫ್ ಚೆಂಡು 46 ಗ್ರಾಮಿನೊಳಗಿನದು. ಸಾಧಾರಣ ನಿಂಬೆಹಣ್ಣು ಹೆಚ್ಚುಕಡಿಮೆ ಅದೇ ಗಾತ್ರ, ಅದೇ ತೂಕ. ಇಷ್ಟು ಹಗುರದ ವಸ್ತುವಿಗೆ ಎಷ್ಟು ಬಲ ಹಾಕಿದರೂ ಗಾಳಿ ಅದನ್ನು ಅರ್ಧದಲ್ಲೇ ಹಿಡಿದುಬಿಡುತ್ತದೆ. ಬಲ ಇದ್ದವನು ಭುಜ ನೋಯಿಸಿಕೊಳ್ಳುತ್ತಾನೆ, ಹದ ಬಲ್ಲವನು ಗೆಲ್ಲುತ್ತಾನೆ.

ಪಂದ್ಯ ಹೂಡುವುದು ಊರ ಹನುಮಪ್ಪನ ಗುಡಿಯಿಂದ ಪಕ್ಕದೂರಿನ ದುರುಗಮ್ಮನ ಗುಡಿವರೆಗೆ. ಸುಮಾರು ಒಂದೂವರೆ ಕಿಲೋಮೀಟರು ಬಂಡಿದಾರಿ. ಹಣ್ಣು ಉರುಳಿ ನಿಂತಲ್ಲಿಂದ ಮುಂದಿನ ಎಸೆತ. ಎರಡೂ ಬದಿ ಎದೆಮಟ್ಟ ಬೆಳೆದ ಜೋಳ, ಕೆಲವೆಡೆ ಶೇಂಗಾ. ಜೋಳದೊಳಗೆ ಬಿದ್ದರೆ ಹಣ್ಣು ಹುಡುಕುವುದರಲ್ಲೇ ಹೊತ್ತು ಮುಳುಗುತ್ತದೆ, ಹೀಗಾಗಿ ದೂರದಷ್ಟೇ ನೇರವೂ ಮುಖ್ಯ. ಮಾವನ ಮಾಮೂಲು ಮಾತು 21 ಎಸೆತ. ಭಾಗಿಸಿ ನೋಡಿದರೆ ಎಸೆತಕ್ಕೆ ಎಪ್ಪತ್ತು ಮೀಟರು ಮೀರುತ್ತದೆ, ಅದೂ ಒಂದಲ್ಲ ಎರಡಲ್ಲ, ಸತತವಾಗಿ.

ಆದರೆ ನನಗೆ ಈಗಲೂ ರುಚಿಯಾಗಿ ನೆನಪಾಗುವುದು ಎಸೆತಕ್ಕಿಂತ ಅದರ ಮುಂಚಿನ ಮಾತುಕತೆ. ಹೋಟೆಲಿನ ಕಟ್ಟೆ ಮೇಲೆ ಅರ್ಧ ಬೆಳಗು ಅದಕ್ಕೇ ಹೋಗುತ್ತಿತ್ತು. ಶ್ರಾವಣದಲ್ಲಿ ನಮ್ಮ ಕಡೆ ಮಳೆ ಕಡಿಮೆ, ಗಾಳಿ ಜಾಸ್ತಿ. ಪಡುವಣ ಗಾಳಿ ರುಮಾಲು ಹಾರಿಸುವಷ್ಟು ಬೀಸುತ್ತದೆ. ಈಗ ಅದೇ ಗಾಳಿಗಾಗಿಯೇ ಹರಪನಹಳ್ಳಿ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಆಗ ಅದನ್ನು ಅಳೆಯಲು ಇದ್ದದ್ದು ಮಾವನ ಒಂದು ಒದ್ದೆ ಬೆರಳು.

"ಮೂಡಲ ಕಡಿಗಾದ್ರೆ ಇಪ್ಪತ್ತೊಂದು. ಪಡುವಲಕ್ಕೆ ಅಂತೀರಾ, ಗಾಳಿ ಎದುರು ಬರ್ತೈತಿ. ಇಪ್ಪತ್ತೇಳು ಕೊಡ್ರಿ."

"ಇಪ್ಪತ್ತೈದು ಮಾವ. ಮ್ಯಾಲೆ ಒಂದೂ ಇಲ್ಲ."

ಮಾವ ಬೀಡಿ ಹಚ್ಚುತ್ತಿದ್ದರು. ಬೀಡಿ ಮುಗಿಯುವತನಕ ಮಾತಿಲ್ಲ. ಆ ಹೊತ್ತಿನಲ್ಲಿ ಅವರ ಕಣ್ಣು ಬಂಡಿದಾರಿಯುದ್ದಕ್ಕೂ ಹೋಗಿ ಬರುತ್ತಿತ್ತು. ಎಲ್ಲಿ ಇಳಿಜಾರು, ಎಲ್ಲಿ ಹಳ್ಳದ ಮರಳು, ಎಲ್ಲಿ ಹಣ್ಣು ಪುಟಿದು ಹತ್ತು ಮಾರು ಉರುಳುತ್ತದೆ ಎಲ್ಲವೂ ತಲೆಯಲ್ಲಿ. ಆಮೇಲೆ, "ಆತು. ಹಣ್ಣು ನೀವು ತರ್ರಿ, ಆರಿಸೋನು ನಾನು," ಅನ್ನುತ್ತಿದ್ದರು. ಇದೊಂದು ಕರಾರು ಅವರು ಎಂದೂ ಬಿಟ್ಟವರಲ್ಲ. ಹಣ್ಣು ಎದುರಾಳಿಯದೇ ಆಗಬೇಕು, ನಾಳೆ ಯಾರೂ ಬೆರಳು ತೋರಿಸಬಾರದು.

ತಂದ ಹಣ್ಣುಗಳಲ್ಲಿ ಹಳದಿಗೆ ತಿರುಗಿದ್ದನ್ನೆಲ್ಲ ಪಕ್ಕಕ್ಕೆ ಸರಿಸುತ್ತಿದ್ದರು. ಹಸಿರು, ದಪ್ಪ ಸಿಪ್ಪೆ, ತೊಟ್ಟಿನ ಕಡೆ ಚೂಪಿಲ್ಲದ್ದು ಬೇಕು. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಒತ್ತುವುದು, ಮೂಸುವುದು, ಅಂಗೈ ಮೇಲೆ ಕುಣಿಸಿ ತೂಗುವುದು. ಸಿಪ್ಪೆಯ ಎಣ್ಣೆಗೆ ಬೆರಳು ಜಾರುತ್ತದೆಂದು ದಾರಿಯ ಕೆಮ್ಮಣ್ಣನ್ನೇ ಚಿಟಿಕೆಯಷ್ಟು ಬಳಿಯುವುದು. ಎಸೆಯುವಾಗ ಓಡಿ ಬರುತ್ತಿರಲಿಲ್ಲ. ಎರಡು ಹೆಜ್ಜೆ, ಎಡಗಾಲು ಊರಿ ಸೊಂಟ ತಿರುಗಿತೆಂದರೆ ಕೈ ಕೊನೆಗೆ ಬರುತ್ತಿತ್ತು. ತೋರುಬೆರಳು ಹಣ್ಣಿನ ಬೆನ್ನು ಸವರಿ ಬಿಡುವಾಗ 'ಸುಂಯ್' ಎಂದು ಸಣ್ಣ ಸದ್ದು. ಹಿಂಬದಿಯ ಗಾಳಿಗೆ ಎತ್ತರಕ್ಕೆ, ಎದುರು ಗಾಳಿಗೆ ತೀರ ತಗ್ಗಿನಲ್ಲಿ. ಇದನ್ನು ಅವರಿಗೆ ಕಲಿಸಿದವರು ಯಾರೂ ಇಲ್ಲ.

ಊರಲ್ಲಿ ಕೆಲವರು ಅವರನ್ನು ಜೂಜುಕೋರ ಎನ್ನುತ್ತಿದ್ದರು. ಆ ಮಾತು ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ. ದೀಪಾವಳಿಯಲ್ಲಿ ಊರೇ ಇಸ್ಪೀಟಿಗೆ ಕೂತರೂ ಮಾವ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೋಳಿ ಅಂಕಕ್ಕೆ ಒಂದು ರೂಪಾಯಿ ಹಾಕಿದವರಲ್ಲ. ಇನ್ನೊಬ್ಬರ ತೋಳಿನ ಮೇಲೂ ಕಟ್ಟುತ್ತಿರಲಿಲ್ಲ. ಕಟ್ಟಿದರೆ ತನ್ನ ಕೈಮೇಲೆ ಮಾತ್ರ. ನಮ್ಮ ಕಡೆ ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ಪಣ ಎರಡು. ಸ್ವಯಂವರದ ಮಂಟಪದಲ್ಲಿ ಅರ್ಜುನ ಯಂತ್ರ ಭೇದಿಸಿದ್ದು ಒಂದು, ಸಭೆಯಲ್ಲಿ ಧರ್ಮರಾಯ ದಾಳ ಉರುಳಿಸಿದ್ದು ಇನ್ನೊಂದು. ಬಿಲ್ಲಿನ ಪಣದಲ್ಲಿ ಗೆದ್ದು ತಂದ ದ್ರೌಪದಿಯನ್ನೇ ದಾಳದ ಪಣದಲ್ಲಿ ಸೋತರು. ಧರ್ಮರಾಯನಿಗೆ ಆಟದ ಮೋಹವಿತ್ತು, ಆಟದ ವಿದ್ಯೆ ಇರಲಿಲ್ಲ.

ಕಾನೂನೂ ಬಹುಕಾಲ ಈ ಗೆರೆಯನ್ನೇ ನಂಬಿಕೊಂಡಿತ್ತು. 1957ರಲ್ಲಿ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೌಶಲದ ಸ್ಪರ್ಧೆ ಬೇರೆ, ಜೂಜು ಬೇರೆ ಎಂದಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯೂ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. ಈಚೆಗೆ ಮೊಬೈಲಿನ ಹಣದಾಟಗಳಿಂದ ಮನೆಗಳು ಮುರಿಯತೊಡಗಿದ ಮೇಲೆ, 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನಿನ ಮಟ್ಟಿಗೆ ಈ ಭೇದವನ್ನೇ ತೆಗೆದು, ಹಣ ಕಟ್ಟುವ ಆಟವೆಲ್ಲವನ್ನೂ ನಿಷೇಧಿಸಿತು. ಅದು ಸರಿ ಎಂದೇ ನನ್ನ ಅನಿಸಿಕೆ. ಬೆರಳ ತುದಿಯಲ್ಲಿ ರಾತ್ರಿ ಕೂತು ಆಡುವ ಆಟದಲ್ಲಿ ಎದುರಾಳಿಯ ಮುಖ ಕಾಣದು, ನಿಲ್ಲಿಸು ಅನ್ನುವ ಹಿರಿಯರೂ ಪಕ್ಕದಲ್ಲಿರುವುದಿಲ್ಲ.

ಪಂದ್ಯದ ಹಣ ಕೋರ್ಟಿನಲ್ಲಿ ವಸೂಲಾಗುವುದೂ ಇಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಊರ್ಜಿತವಲ್ಲ. ನಮ್ಮೂರಲ್ಲಿ ಈ ಕಲಮಿನ ಸುದ್ದಿ ಯಾರಿಗೂ ಗೊತ್ತಿರದಿದ್ದರೂ ಅದಕ್ಕೆ ತಕ್ಕ ಏರ್ಪಾಡು ಇತ್ತು. ಎರಡೂ ಕಡೆಯ ದುಡ್ಡು ಮೊದಲೇ ಹೋಟೆಲಿನ ಯಜಮಾನರ ಕೈಗೆ. ಅವರು ಅದನ್ನು ಟವೆಲಿನ ಚುಂಗಿಗೆ ಗಂಟು ಹಾಕಿ ಹೆಗಲಿಗೆ ಹಾಕಿಕೊಂಡು, ಹನುಮಪ್ಪನ ಗುಡಿಯಿಂದ ದುರುಗಮ್ಮನ ಗುಡಿವರೆಗೆ ಜೊತೆಗೇ ನಡೆಯುತ್ತಿದ್ದರು. ಗೆದ್ದವರು ಯಾರೇ ಆಗಲಿ, ಬಂದ ದುಡ್ಡಿನಲ್ಲಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಆಗಲೇಬೇಕು. ಹೀಗಾಗಿ ಮಾವ ಗೆದ್ದ ದುಡ್ಡು ಮನೆಗೆ ಮುಟ್ಟಿದ್ದು ಬಹಳ ಕಡಿಮೆ.

ಕೌಶಲದ ಮೇಲೆ ಹಣ ಕಟ್ಟಿ ಹೆಸರಾದವರು ಲೋಕದಲ್ಲಿ ಬೇಕಾದಷ್ಟು ಜನ. ಅಮೆರಿಕದ ಟೆನಿಸ್ ಆಟಗಾರ ಬಾಬಿ ರಿಗ್ಸ್ 1939ರ ವಿಂಬಲ್ಡನ್ನಿನಲ್ಲಿ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರೂ ತಾನೇ ಗೆಲ್ಲುತ್ತೇನೆಂದು ತನ್ನ ಮೇಲೇ ಹಣ ಕಟ್ಟಿದ, ಮೂರನ್ನೂ ಗೆದ್ದ. ಅದೇ ರಿಗ್ಸ್ 55ನೇ ವಯಸ್ಸಿನಲ್ಲಿ, 1973ರ ಸೆಪ್ಟೆಂಬರಿನಲ್ಲಿ, ಬಿಲ್ಲಿ ಜೀನ್ ಕಿಂಗ್ ಎದುರು ಮೂರು ಸೆಟ್ಟೂ ಸೋತ. ವಯಸ್ಸಾದ ಕೈಯ ಅಳತೆ ಅವನಿಗೆ ತಪ್ಪಿತ್ತು. ಟೈಟಾನಿಕ್ ಥಾಂಪ್ಸನ್ ಎಂಬ ಇನ್ನೊಬ್ಬ ಅಮೆರಿಕನ್ನನ ಕಥೆ ನಿಂಬೆಹಣ್ಣಿಗೆ ಇನ್ನೂ ಹತ್ತಿರ. ಗಾಲ್ಫಿನಲ್ಲಿ ಎರಡೂ ಕೈಯಿಂದ ಆಡಬಲ್ಲ ಅಪ್ಪಟ ಪ್ರತಿಭಾವಂತ. ಅಕ್ರೋಟಿನ ಕಾಯನ್ನು ಕಟ್ಟಡದ ಮೇಲಿಂದ ದಾಟಿಸುತ್ತೇನೆಂದು ಬಾಜಿ ಕಟ್ಟಿ ದಾಟಿಸಿದನಂತೆ, ಕಾಯೊಳಗೆ ಮೊದಲೇ ಸೀಸ ತುಂಬಿದ್ದನಂತೆ. ಇದನ್ನು ಓದಿದ ದಿನ ನನಗೆ ಮಾವನ ಮೇಲಿನ ಅಭಿಮಾನ ಉಕ್ಕಿ ಬಂತು. ಹಣ್ಣು ನೀವೇ ತರ್ರಿ ಎಂದವರು ಅವರು.

ಮಾವ ಸೋತದ್ದನ್ನೂ ಹೇಳಬೇಕು. ಒಂದು ಪಂಚಮಿಯಲ್ಲಿ ಪಕ್ಕದೂರಿನ ಹುಡುಗರು ಮಾತಿಗೆ ಮಾತು ಬೆಳೆಸಿ ಕೆಣಕಿದರು. ಅವತ್ತು ಬೀಡಿ ಹಚ್ಚಲಿಲ್ಲ, ದಾರಿ ನೋಡಲಿಲ್ಲ. ನಡುವಿನ ಬೆಳ್ಳಿ ಉಡಿದಾರ ಬಿಚ್ಚಿ ಯಜಮಾನರ ಟವೆಲಿಗೆ ಹಾಕಿದರು. ಮದುವೆಯಲ್ಲಿ ಅತ್ತೆಯ ತವರಿನವರು ಹಾಕಿದ್ದು ಅದು. ಎಸೆತ ಚೆನ್ನಾಗಿಯೇ ಸಾಗುತ್ತಿತ್ತು. ಹದಿನಾಲ್ಕನೆಯದು ಬಂಡಿಗಾಲಿಗೆ ಎದ್ದು ನಿಂತಿದ್ದ ಕಲ್ಲಿನ ಮೇಲೆ ಬಿದ್ದು ಹಣ್ಣು ಹೋಳಾಯಿತು. ಹಣ್ಣು ಒಡೆದರೆ ಬೇರೆಯದು ಉಂಟೋ ಇಲ್ಲವೋ? ಕರಾರಿನಲ್ಲಿ ಆ ಮಾತೇ ಬಂದಿರಲಿಲ್ಲ. ನಮ್ಮೂರವರು ಕೂಗಾಡಿದರು, ಅವರೂ ಕೂಗಾಡಿದರು. ಯಜಮಾನರು ಕೊನೆಗೆ ಮಾವನ ಮುಖ ನೋಡಿದರು.

"ಹೇಳಿರ್ಲಿಲ್ಲ ನಾನು. ಹೋತು, ಕೊಟ್ಬಿಡ್ರಿ," ಅಂದರು ಮಾವ.

ಅತ್ತೆ ದೀಪಾವಳಿವರೆಗೆ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಎಷ್ಟೇ ಚಂದದ ಪಂದ್ಯವಾದರೂ ಅದರ ತೂಕ ಹೊರುವವರು ಮನೆಯಲ್ಲಿ ಇರುತ್ತಾರೆ. ಮಾವನ ಬಗೆಗಿನ ಪ್ರೀತಿಯಲ್ಲಿ ನಾನು ಇದನ್ನು ಮರೆಮಾಚಲಾರೆ.

ಆದರೂ ಯೋಚಿಸುತ್ತೇನೆ, ಪಂದ್ಯವಲ್ಲದೆ ಅವರ ಕೈಗೆ ಬೇರೆ ಯಾವ ಅಳತೆಗೋಲು ಇತ್ತು? 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ ಚೋಪ್ರಾ ಜಾವೆಲಿನ್ 87.58 ಮೀಟರು ಹೋದಾಗ ಅದನ್ನು ಸೆಂಟಿಮೀಟರಿನವರೆಗೆ ಅಳೆಯಲು ಯಂತ್ರವಿತ್ತು, ಅದಕ್ಕೂ ಮುಂಚೆ ವರ್ಷಗಟ್ಟಲೆ ಅವನ ಭುಜ, ಮೊಣಕೈ ನೋಡಿಕೊಂಡ ತರಬೇತುದಾರರಿದ್ದರು. ನಮ್ಮ ಮಾವ ಶಾಲೆ ಬಿಟ್ಟದ್ದು ಕುರಿ ಕಾಯಲಿಕ್ಕೆ. ಟೇಪು ಹಿಡಿದು ಅವರ ಎಸೆತದ ತುದಿಗೆ ನಿಂತವರು ಯಾರೂ ಇಲ್ಲ. ಹತ್ತು ರೂಪಾಯಿ ಕಟ್ಟಿದಾಗ ಮಾತ್ರ ಊರು ಅವರ ಕೈಯನ್ನು ಕಣ್ಣಿಟ್ಟು ನೋಡುತ್ತಿತ್ತು, ಎಸೆತ ಎಣಿಸುತ್ತಿತ್ತು, ಎಲ್ಲಿ ಬಿತ್ತೆಂದು ಓಡಿ ಹೋಗಿ ಗುರುತು ಹಾಕುತ್ತಿತ್ತು. ಆ ನೋಟಕ್ಕಾಗಿಯೇ ಅವರು ದುಡ್ಡು ಕಟ್ಟುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ.

ಐವತ್ತರ ಹತ್ತಿರ ಬಂದಾಗ ತಾವಾಗಿಯೇ ಬಿಟ್ಟರು. ಯಾರಿಗೂ ಸೋತು ಬಿಟ್ಟದ್ದಲ್ಲ. ಒಂದು ವರ್ಷ ಹುಡುಗರು ಬಂದು ಕೇಳಿದರೆ, "ಈಗ ಇಪ್ಪತ್ತಾರು ಬೇಕಾಗ್ತಾವಪ್ಪ. ಅಷ್ಟಕ್ಕೆ ಯಾರು ಕಟ್ತಾರ?" ಎಂದು ನಕ್ಕರು. ಅದೇ ಸಂಜೆ ಯಾರೂ ಇಲ್ಲದಾಗ ದಾರಿಗೆ ಹೋಗಿ ಎಸೆದು ನೋಡಿದ್ದರಂತೆ. ಜೊತೆಗೆ ಹೋಗಿದ್ದ ಮಗ ಎಣಿಸಿದ್ದ. ಇಪ್ಪತ್ತಾರೇ ಆಗಿತ್ತು.