ಕೂರಿಸಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಇಲ್ಲಿ ಮಳೆ ಹಿಡಿದುಕೊಂಡಿದೆ, ಅಂಗಳವೆಲ್ಲ ಪಾಚಿ. ಅಪ್ಪನಿಗೆ ಕಾಲು ಚಾಚಿ ಒರಗುವ ದೊಡ್ಡ ಕುರ್ಚಿ ಕಳಿಸ್ತೀನಿ ಅಂದೆಯಲ್ಲ, ಬೇಡ. ಅವರು ಪಕ್ಕದಲ್ಲೇ ಇದ್ದರು, ಫೋನಿನಲ್ಲಿ ಬಿಡಿಸಿ ಹೇಳಲಾಗಲಿಲ್ಲ.

ನ್ಯುಮೋನಿಯಾ ವಾಸಿಯಾಗಿ ಮನೆಗೆ ಬಂದಾಗ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಆದರೆ ಜಗಲಿಯಲ್ಲಿ ಕೂತವರಿಗೆ ಏಳಲಾಗಲಿಲ್ಲ. ಮೊಣಕಾಲಿಗೆ ಎರಡೂ ಕೈ ಊರಿ ಅರ್ಧ ಎದ್ದರು, ಧೊಪ್ಪೆಂದು ಕೂತರು. ರಾತ್ರಿ ಎಣ್ಣೆ ಹಚ್ಚುವಾಗ ನೋಡುತ್ತೇನೆ, ಮೀನಖಂಡದ ಜಾಗದಲ್ಲಿ ಬರೀ ಚರ್ಮ ಜೋತಿದೆ. ಅಡಿಕೆ ಕೊನೆ ಹೊತ್ತು ದರೆ ಹತ್ತಿದ ಕಾಲು ಕಣೇ ಅದು.

ಫಿಸಿಯೋಥೆರಪಿಯ ಹುಡುಗಿ ಬಂದು ಹೋಗುತ್ತಾಳೆ. ಅವಳು ಹೇಳಿದ್ದು ಕೇಳು. ಅಮೆರಿಕದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಪರೀಕ್ಷೆ ಮಾಡಿದ್ದರಂತೆ. ಕಾಲುಗಳಿಂದಲೇ ಸುಮಾರು ಒಂದು ಕೆಜಿಯಷ್ಟು ಸ್ನಾಯು ಹೋಗಿತ್ತಂತೆ. ಇನ್ನು ಕಾಯಿಲೆಯಲ್ಲಿ ಮಲಗಿದವರ ಪಾಡೇನು? ವಯಸ್ಸಾದಂತೆ, ಎಡವಿದಾಗ ಥಟ್ಟನೆ ಕಾಲೂರಿ ನಮ್ಮನ್ನು ಉಳಿಸುವ ಚುರುಕಿನ ಎಳೆಗಳೇ ಹೆಚ್ಚು ಸವೆಯುತ್ತವೆ ಅಂದಳು. ನನಗೆ ಅಂಗಳದ ಪಾಚಿ ಕಣ್ಮುಂದೆ ಬಂತು.

ಆದರೆ ಅವಳೇ ಇನ್ನೊಂದು ಹೇಳಿದಳು. ಬೋಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಅನ್ನುವ ವೈದ್ಯೆ, ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನಕ್ಕೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರಂತೆ. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತು. 1990ರಲ್ಲೇ ಪ್ರಕಟವಾದ ವಿಷಯ. ನಾವಿನ್ನೂ 'ವಯಸ್ಸಾಯ್ತು, ಸುಮ್ಮನೆ ಕೂತಿರಿ' ಅನ್ನುತ್ತಿದ್ದೇವೆ!

ಈಗ ಅಪ್ಪನದೂ ಅದೇ ಕಸರತ್ತು. ಊಟದ ಮೇಜಿನ ಕುರ್ಚಿಯಿಂದ ಕೈ ಎದೆಗೆ ಕಟ್ಟಿಕೊಂಡು ಎದ್ದು ಕೂರುವುದು, ಅಕ್ಕಿ ತುಂಬಿದ ಬಟ್ಟೆಚೀಲ ಕಾಲಿಗೆ ಕಟ್ಟಿ ನಿಧಾನ ಎತ್ತುವುದು. ಎಣಿಕೆ ಅವರದೇ. ಎಂಟಾದ ಮೇಲೆ ಹತ್ತು ಅನ್ನುತ್ತಾರೆ. 'ಒಂಬತ್ತೆಲ್ಲಿ?' ಅಂದರೆ 'ನೀನು ಮೇಷ್ಟ್ರಾಗಬೇಕಿತ್ತು' ಅಂತ ಗೊಣಗುತ್ತಾರೆ. ಬರೀ ವಾಕಿಂಗ್ ಸಾಲದಂತೆ, ಸ್ನಾಯುವಿಗೆ ಭಾರ ಬೀಳಲೇಬೇಕು.

ಊಟವೂ ಬದಲಾಗಿದೆ. ಗಂಜಿ, ತಿಳಿಸಾರು ಹಗುರ ನಿಜ, ಆದರೆ ಬೇಳೆಯೆಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತಿತ್ತು. ವಯಸ್ಸಾದವರಿಗೆ ದೇಹದ ತೂಕದ ಒಂದೊಂದು ಕೆಜಿಗೂ ದಿನಕ್ಕೆ ಒಂದು ಗ್ರಾಂಗಿಂತ ಕಡಿಮೆಯಿಲ್ಲದೆ ಪ್ರೋಟೀನ್ ಬೇಕಂತೆ. ಕಿಡ್ನಿ ತೊಂದರೆ ಇದ್ದವರ ಲೆಕ್ಕ ಬೇರೆ, ಅದಕ್ಕೇ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಈಗ ಹೊತ್ತುಹೊತ್ತಿಗೂ ಗಟ್ಟಿ ತೊವ್ವೆ, ಹೆಸರುಕಾಳಿನ ಉಸಲಿ, ಮೊಸರು. ಹುರುಳಿ ಸಾರಿಗೆ ಮಾತ್ರ ಮುಖ ಸಿಂಡರಿಸುತ್ತಾರೆ.

ನೀನು ಹಬ್ಬಕ್ಕೆ ಬಂದಾಗ ನನ್ನ ಕೈಯಿಂದ ಕೊಡಪಾನ ಕಿತ್ತುಕೊಳ್ಳುತ್ತೀ. ಪ್ರೀತಿಗೇ ಅಂತ ಗೊತ್ತು. ಆದರೂ ಕೊಡು ಕಣೇ, ಅರ್ಧ ತುಂಬಿಸಿಯಾದರೂ ಕೊಡು. ಅಪ್ಪನಿಗೆ ನೀರಿನ ಲೋಟ ಓಡಿಹೋಗಿ ತಂದುಕೊಡಬೇಡ. ಬೀಳದ ಹಾಗೆ ಜೊತೆಗಿರು, ಅಷ್ಟು ಸಾಕು. ಕುರ್ಚಿಯ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸೋಣ.

ನಿನ್ನದೂ ಚಿಂತೆ ನನಗೆ. ನಲವತ್ತೆಂಟಾಯ್ತು, ದಿನವಿಡೀ ಕಂಪ್ಯೂಟರ್ ಮುಂದೆ, ಮಧ್ಯಾಹ್ನಕ್ಕೆ ಎರಡು ಬಿಸ್ಕತ್ತು. ತೂಕ ಏರಿಲ್ಲ ಅಂತ ಹಿಗ್ಗಬೇಡ. ಸ್ನಾಯು ಇಳಿದು ಆ ಜಾಗಕ್ಕೆ ಕೊಬ್ಬು ಬಂದರೂ ತಕ್ಕಡಿ ಅದೇ ತೂಕ ತೋರಿಸುತ್ತದೆ.

ಕಾಲಿಗೆ ಕಟ್ಟುವ ಮರಳುಪಟ್ಟಿ ಸಿಗುತ್ತದಂತೆ, ಬರುವಾಗ ಒಂದು ಕೆಜಿಯದ್ದು ತಾ. ಅಕ್ಕಿ ಚೀಲಕ್ಕೆ ಇಲಿ ಬಿದ್ದಿದೆ.

ಇಂತಿ,
ನಿನ್ನ ಅಮ್ಮ