ಬಿಸಿಲಿಳಿದ ಮೇಲಿನ ಜೋಡಿ

ಬಸವನ ಬಾಗೇವಾಡಿಯಲ್ಲಿ ಶ್ರಾವಣದ ಜಾತ್ರೆ. ಮೂಲ ನಂದೀಶ್ವರನಿಗೆ ಕಾಯಿ ಒಡೆಸಿಕೊಂಡು ಬಂದ ಮಂದಿ ಈಗ ಕುಸ್ತಿ ಮೈದಾನದ ಕಡೆ ಹೊರಟಿದ್ದಾರೆ. ನೀವೂ ಬನ್ನಿ, ಮುಂದಿನ ಸಾಲಿನಲ್ಲೇ ಜಾಗ ಹಿಡಿಯಿರಿ. ಸುತ್ತಲಿನ ನೆಲ ಕರಿ ಎರೆ, ಕಣದೊಳಗೆ ಮಾತ್ರ ಕೆಂಪು ಮಣ್ಣು. ಎರೆಮಣ್ಣು ಒಣಗಿದರೆ ಬಾಯಿ ಬಿಡುತ್ತದೆ, ನೆನೆದರೆ ಕಾಲು ಬಿಡುವುದಿಲ್ಲ; ಅದರ ಮೇಲೆ ಕುಸ್ತಿ ನಡೆಯದು. ಹೊರಗಿಂದ ತಂದ ಕೆಂಪು ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆರಸ ಹಾಕಿ ಹದ ಮಾಡಿದ್ದಾರೆ. ನಿಂಬೆಗೇನು ಬರವಿಲ್ಲ. ಇದೇ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಗೆ 2025ರಲ್ಲಿ ಜಿಐ ಮಾನ್ಯತೆಯೇ ಸಿಕ್ಕಿದೆ.

ಹಲಗಿ ಬಡಿತ ಶುರುವಾಯಿತು. ಲಂಗೋಟಿಯ ಪುಟ್ಟ ಹುಡುಗರಿಬ್ಬರನ್ನು ಹಿರಿಯರೊಬ್ಬರು ರಟ್ಟೆ ಹಿಡಿದು ಎಳೆತಂದು, ಭುಜಕ್ಕೆ ಭುಜ ಹಚ್ಚಿ ನಿಲ್ಲಿಸುತ್ತಾರೆ. ತೂಕದ ಯಂತ್ರವಿಲ್ಲ, ಕಣ್ಣೇ ತಕ್ಕಡಿ. "ಜೋಡಿ ಹತ್ತತೈತೇನ್ರಿ?" ಎಂದು ಮಂದಿಯನ್ನೇ ಕೇಳುತ್ತಾರೆ. "ಹತ್ತತೈತಿ, ಬಿಡ್ರಿ!" ಗೆದ್ದವನಿಗೆ ಒಂದು ತೆಂಗಿನಕಾಯಿ. ಸೋತವನು ಅಳುತ್ತ ಕಾಕಾನ ಪಂಚೆಯೊಳಗೆ ಮುಖ ಮುಚ್ಚುತ್ತಾನೆ.

ನಿಮ್ಮ ಮಗ್ಗುಲಲ್ಲಿ ಕುಳಿತವನ ಕಿವಿ ನೋಡಿ. ಮುದುಡಿ, ಗಟ್ಟಿಯಾಗಿ, ಒಳಗಿನ ಸುರುಳಿಗಳೆಲ್ಲ ಮುಚ್ಚಿಹೋಗಿವೆ. ಮಣ್ಣಿಗೆ ಉಜ್ಜಿಸಿಕೊಂಡ ಕಿವಿ ಅದು. ಸಿಂದಗಿ ಕಡೆಯವನು, ನಲವತ್ತು ದಾಟಿದೆ. ಹೆಸರು ಬೇಡ, ಇಂಥವರು ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಸಿಗುತ್ತಾರೆ.

ಅವನ ಮೊದಲ ಕಾಯಿ ಬಂದದ್ದು ಇಂಡಿಯಲ್ಲಿ, ಸಂಕ್ರಾಂತಿಯ ಶಾಂತೇಶ್ವರ ಜಾತ್ರೆಯಲ್ಲಿ. ಅವತ್ತಿನ ಕುಸ್ತಿ ಇದೇ ಹೊತ್ತಿನಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ. ಜಾತ್ರೆ ಕುಸ್ತಿಯ ಲೆಕ್ಕವೇ ಹಾಗೆ: ಚಿಕ್ಕವರು ಮೊದಲು, ದೊಡ್ಡವರು ಕಡೆಗೆ. ಬಿಸಿಲು ಇಳಿದಂತೆ ಇನಾಮು ಏರುತ್ತದೆ. ಕಾಯಿ, ಟಾವೆಲ್ಲು, ನೂರರ ನೋಟು, ಹೊತ್ತು ಮುಳುಗುವಾಗ ಬೆಳ್ಳಿ ಕಡೆ, ಅಂದರೆ ಕಡಗ. ಪೈಲ್ವಾನನೊಬ್ಬ ಎಷ್ಟು ಬೆಳೆದನೆಂದು ತಿಳಿಯಬೇಕೆ? ಅವನ ಹೆಸರು ಕೂಗಿದಾಗ ನೆರಳು ಎಷ್ಟು ಉದ್ದವಿತ್ತೆಂದು ಕೇಳಿ.

ಇವನ ನೆರಳು ಬೇಗ ಉದ್ದವಾಯಿತು. ಊರ ಗರಡಿ ಮನೆಯ ಉಸ್ತಾದರು ಹೇಳಿದರೆಂದು ಅಪ್ಪ ಕೊಲ್ಹಾಪುರಕ್ಕೆ ಕಳಿಸಿದ. ಶಾಹು ಮಹಾರಾಜರು ಕಟ್ಟಿಸಿ 1912ರಲ್ಲಿ ತೆರೆದ ಖಾಸಬಾಗ ಮೈದಾನದ ಊರು ಅದು. ಗಡಿಯಾಚೆಯಾದರೂ ಈ ಕಡೆಯ ಪೈಲ್ವಾನರಿಗೆ ಅದೇ ದೊಡ್ಡ ಶಾಲೆ. ನಸುಕಿನಲ್ಲೆದ್ದು ಸಾಮು, ದಂಡ, ಬೈಠಕು. ಮೇಲೆ ಖುರಾಕು: ಹಾಲು, ತುಪ್ಪ, ಬಾದಾಮಿ. ಆ ಹಾಲಿನ ಬಾಕಿ ತೀರಿಸಲು ಅಪ್ಪ ಹಿತ್ತಲಿನ ಎಮ್ಮೆಯನ್ನೇ ಮಾರಿದ. ಇದನ್ನು ಹೇಳುವಾಗ ಇವನೇ ನಗುತ್ತಾನೆ.

"ಮುದ್ದೇಬಿಹಾಳದಾಗ ಕಡೀ ಜೋಡಿ ನಂದ ಇತ್ರಿ."

ಅಲ್ಲಿ ಗ್ರಾಮದೇವತೆಯ ಜಾತ್ರೆ ಪ್ರತಿ ವರ್ಷ ಬರುವುದಲ್ಲ; ಅದಕ್ಕೇ ಅಲ್ಲಿನ ಬೆಳ್ಳಿ ಕಡೆಗೆ ಬೆಲೆ ಹೆಚ್ಚು. ನಿಕಾಲಿ ಕುಸ್ತಿ ಎಂದು ಸಾರಿದ್ದರು. ನಿಕಾಲಿ ಎಂದರೆ ಪಾಯಿಂಟಿಲ್ಲ, ಗಡಿಯಾರವಿಲ್ಲ. ಒಬ್ಬನ ಬೆನ್ನಿಗೆ ಮಣ್ಣು ಹತ್ತುವವರೆಗೂ ನಡೆಯಬೇಕು. ಮ್ಯಾಟಿನ ಮೇಲಾದರೆ ಮೂರು ಮೂರು ನಿಮಿಷದ ಎರಡು ಸುತ್ತಿಗೆ ಮುಗಿಯುತ್ತದೆ. ಇಲ್ಲಿ ಇಬ್ಬರೂ ಕುತ್ತಿಗೆ ಹಿಡಿದು, ಹಣೆಗೆ ಹಣೆ ಕೊಟ್ಟು, ಬಲ ತೂಗುತ್ತಲೇ ಇದ್ದರು. ಅವನು ಎರಡು ಸಲ ಘಿಸ್ಸಾ ಪಟ್ಟು ಎಳೆದ. ಎದುರಾಳಿ ಹೊಟ್ಟೆಯ ಮೇಲೆ ಬಿದ್ದನೇ ಹೊರತು ಮಗುಚಲಿಲ್ಲ. ಕತ್ತಲಾಯಿತು. ಪಂಚರು "ಸಮ" ಎಂದು ಕೈ ಬಿಡಿಸಿದರು. ರೊಕ್ಕ ಅರ್ಧರ್ಧ. ಕಡೆಯನ್ನು ಅರ್ಧ ಮಾಡಲು ಬರುತ್ತದೆಯೇ? ಅದು ಕಮಿಟಿಯ ಪೆಟ್ಟಿಗೆಗೆ ವಾಪಸ್ಸು ಹೋಯಿತು.

ಆಮೇಲೆ ಮೊಣಕಾಲು. ಅದನ್ನು ಉದ್ದಕ್ಕೆ ಹೇಳುವುದು ಅವನಿಗೂ ಬೇಡ. ಅವನ ಹೆಸರು ಕೂಗುವ ಹೊತ್ತು ವರ್ಷದಿಂದ ವರ್ಷಕ್ಕೆ ಮಧ್ಯಾಹ್ನದ ಕಡೆ ಸರಿಯಿತು. ಒಂದು ಸಲ ಬಿಸಿಲು ಕೆಂಪಾಗುವ ಮೊದಲೇ ಕೂಗಿದರು. ಅವತ್ತೇ ಲಂಗೋಟಿ ಮಡಿಚಿಟ್ಟ. ಈಗ ಎಪಿಎಂಸಿಯಲ್ಲಿ ಹಮಾಲಿ, ಬೆನ್ನ ಮೇಲೆ ಜೋಳದ ಚೀಲ. ಮಾಜಿ ಕುಸ್ತಿಪಟುಗಳಿಗೆ ರಾಜ್ಯ ಸರ್ಕಾರದ ಮಾಸಾಶನವಿದೆ, ಆದರೆ ಅದು ಕೇಳುವುದು ಪ್ರಮಾಣಪತ್ರವನ್ನು. ಜಾತ್ರೆಯಲ್ಲಿ ಯಾರು ಯಾರಿಗೆ ಪ್ರಮಾಣಪತ್ರ ಕೊಟ್ಟಿದ್ದಾರೆ? ಈ ನೆಲದ ಆಟಗಾರರೆಂದರೆ ಹೊರಗಿನವರಿಗೆ ವಿಜಯಪುರದ ಸೈಕಲ್ ಹುಡುಗರು ಗೊತ್ತು. ಅವರ ಗೆಲುವಿಗೆ ಕಾಗದವಿದೆ. ಇವನದು ಹಲಗಿಯವನ ನೆನಪಿನಲ್ಲಿ, ಮೈಕು ಹಿಡಿದವನ ಬಾಯಲ್ಲಿ. ನನಗೆ ಇದು ಸರಿ ಕಾಣುವುದಿಲ್ಲ.

ಬಿಸಿಲು ಇಳಿದಿದೆ. ಮೈಕು ಈಗ ಅವನ ಹೆಸರನ್ನೇ ಕೂಗುತ್ತಿದೆ. ಕಡೀ ಜೋಡಿಗೆ ಪಂಚನಾಗಿ ಬರಬೇಕಂತೆ. ಅವನು ಚಪ್ಪಲಿ ನಿಮ್ಮ ಹತ್ತಿರ ಬಿಟ್ಟು, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಕಣಕ್ಕಿಳಿಯುತ್ತಾನೆ.

ಹುಡುಗರಿಬ್ಬರೂ ಗಟ್ಟಿ. ಕೈ ಕೂಡಿಸುತ್ತಾನೆ, ಹಿಂದೆ ಸರಿಯುತ್ತಾನೆ. ಹಲಗಿ ಜೋರಾಗುತ್ತದೆ. ಹತ್ತು ನಿಮಿಷ ಕಳೆದರೂ ಯಾರೂ ಬೀಳುವುದಿಲ್ಲ. ಮೈಬೆವರಿಗೆ ಅಂಟಿದ ಕೆಂಪು ಮಣ್ಣಿನಲ್ಲಿ ಯಾರು ಯಾರೆಂಬುದೇ ತಿಳಿಯದು. ಮಬ್ಬು ಕವಿಯುತ್ತದೆ. ವೇದಿಕೆ ಮೇಲಿನ ಧಣಿಯೊಬ್ಬರು ಎದ್ದು ನಿಂತು ಕೂಗುತ್ತಾರೆ:

"ಹೊತ್ತಾತು ಪೈಲ್ವಾನಾ, ಸಮ ಮಾಡಿ ಬಿಡು."

"ನಿಕಾಲಿ ಅಂತ ಸಾರೀರಿ," ಅವನು ತಿರುಗಿಯೂ ನೋಡುವುದಿಲ್ಲ. "ಲೈಟ್ ಹಚ್ಚಸ್ರಿ, ಧಣ್ಯಾರ."

ಮಂದಿ ಹೋ ಎನ್ನುತ್ತದೆ. ಯಾರೋ ವೈರು ಎಳೆಯಲು ಓಡುತ್ತಾರೆ. ಎರಡು ಬಲ್ಬು ಹತ್ತಿದ ಸ್ವಲ್ಪ ಹೊತ್ತಿಗೆ ಕುಳ್ಳಗಿನ ಹುಡುಗ ಢಾಕ್ ಪಟ್ಟು ಹಾಕುತ್ತಾನೆ. ಪಂಚನಾದ ಇವನು ನೆಲಕ್ಕೆ ಮಲಗಿ, ಕೆನ್ನೆ ಮಣ್ಣಿಗೆ ಹಚ್ಚಿ, ಬಿದ್ದವನ ಎರಡೂ ಭುಜ ನೋಡಿ, ಅಂಗೈಯಿಂದ ಕಣಕ್ಕೆ ಬಡಿಯುತ್ತಾನೆ.