ಧ್ವನಿ ಹೊಂದಿಸುವವರೂ ಸಹಕಲಾವಿದರೇ

ಕೇಳುಗರ ಮನೆಗೆ ತಲುಪುವ ಒಂದು ಹಾಡಿನಲ್ಲಿ ಕವಿ, ಸ್ವರಸಂಯೋಜಕ, ಗಾಯಕ, ವಾದ್ಯಗಾರರೆಲ್ಲರ ಪಾಲಿರುವುದು ಸರ್ವವಿದಿತ. ಆದರೆ ಅವರ ದನಿಗಳನ್ನು ಬೇರೆಬೇರೆಯಾಗಿ ಪಡೆದು, ಯಾವುದು ಮುಂದಿರಬೇಕು, ಯಾವುದು ಹಿಂದೆ ಸರಿಯಬೇಕು ಎಂದು ತೂಗಿ ಒಂದಾಗಿಸುವ ಮಿಕ್ಸಿಂಗ್ ಇಂಜಿನಿಯರರ ಪಾಲು ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿಯುತ್ತದೆ. ಅವರೊಡನೆ ಕಲಾವಿದರು ಹೇಗೆ ವರ್ತಿಸಬೇಕೆಂಬುದು ಕೇವಲ ತಾಂತ್ರಿಕ ವಿಷಯವಲ್ಲ; ಅದು ಸದಾಚಾರದ ವಿಷಯವೂ ಹೌದು.

ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಹೊರಬಂದ ಮೇಲೆ ಕನ್ನಡ ಕವಿತೆ ಪುಸ್ತಕದಿಂದ ಮನೆಮನೆಯ ಕಿವಿಗೆ ಇಳಿಯಿತು. ಭಾವಗೀತೆಯ ಪ್ರಾಣವಿರುವುದು ಮಾತಿನಲ್ಲಿ. ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳಲು 2000ದಿಂದ 4000 ಹರ್ಟ್ಸ್ ಆಸುಪಾಸಿನ ಕಂಪನಗಳು ಮುಖ್ಯ. ಪಿಟೀಲು, ಗಿಟಾರ್, ಕೀಬೋರ್ಡುಗಳ ನಾದವೂ ಅಲ್ಲಿಯೇ ಬಂದು ಸೇರುತ್ತದೆ. ಎಲ್ಲರೂ ಅಲ್ಲಿಯೇ ನಿಂತರೆ ಕವಿಯ ಮಾತು ಮರೆಯಾಗುತ್ತದೆ. ಯಾರು ತುಸು ಸರಿಯಬೇಕೆಂದು ಗುರುತಿಸುವುದೇ ಇಂಜಿನಿಯರರ ವಿವೇಕ.

ಕಷ್ಟ ಆರಂಭವಾಗುವುದೂ ಅಲ್ಲಿಯೇ. ಪಿಟೀಲಿನವರು ತಮ್ಮ ವಾದ್ಯವನ್ನು ಏರಿಸಬೇಕೆನ್ನುತ್ತಾರೆ, ಮರುದಿನ ತಬಲಾದವರು, ಅನಂತರ ಗಾಯಕರು. ಡಿಜಿಟಲ್ ಧ್ವನಿಗೆ ಸೊನ್ನೆ ಡೆಸಿಬೆಲ್ ಎಂಬ ಮೇಲ್ಮಿತಿಯಿದೆ. ಅದನ್ನು ಮೀರಿದ ನಾದ ಒಡೆಯುತ್ತದೆ. ಎಲ್ಲರನ್ನೂ ಏರಿಸಿದರೆ ಯಾರೂ ಏರಿದಂತಾಗುವುದಿಲ್ಲ. ಆದುದರಿಂದ ‘ನನ್ನದು ಕೇಳಿಸುತ್ತಿದೆಯೇ?’ ಎನ್ನುವುದಕ್ಕೆ ಮೊದಲು ‘ಹಾಡು ಕೇಳಿಸುತ್ತಿದೆಯೇ?’ ಎಂದು ಕೇಳಿಕೊಳ್ಳುವ ಸಂಯಮ ಬೇಕು.

ಇತ್ತೀಚಿನ ವರ್ಷಗಳಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಕೋಣೆಗಳಲ್ಲಿಯೇ ಹಾಡಿ, ಕಡತಗಳನ್ನು ಇಂಜಿನಿಯರರಿಗೆ ಕಳುಹಿಸುವುದು ಸಾಧ್ಯವಾಗಿದೆ. ಸೌಕರ್ಯದೊಡನೆ ಹೊಣೆಯೂ ಬಂದಿದೆ. ಕುಕ್ಕರಿನ ಸೀಟಿ, ಆಟೋದ ಹಾರ್ನ್, 2017ರಿಂದ ಈ ಭಾಗದಲ್ಲಿ ಮೇಲ್ಸೇತುವೆಯ ಮೇಲೆ ಓಡುತ್ತಿರುವ ಮೆಟ್ರೊ ರೈಲಿನ ಸದ್ದು ಗಾಯನದೊಳಗೆ ಸೇರಿದರೆ, ಗಾಯನಕ್ಕೆ ಧಕ್ಕೆಯಾಗದಂತೆ ಅದನ್ನು ಪೂರ್ಣವಾಗಿ ತೆಗೆಯುವುದು ಸುಲಭವಲ್ಲ. ಸದ್ದಡಗಿದ ವೇಳೆಯಲ್ಲಿ ಮತ್ತೊಮ್ಮೆ ಹಾಡುವುದೇ ಲೇಸು. ಎಲ್ಲ ಕಡತಗಳೂ ಒಂದೇ ಕ್ಷಣದಿಂದ ಆರಂಭವಾಗಬೇಕು; ಪ್ರತಿಯೊಂದಕ್ಕೂ ವಾದ್ಯದ ಹೆಸರಿರಬೇಕು; ಶ್ರುತಿ, ಲಯ, ಸಾಹಿತ್ಯಗಳನ್ನು ಬರೆದು ಕೊಡಬೇಕು.

ರಾಗದ ಸ್ವರೂಪವನ್ನೂ ತಿಳಿಸುವುದು ಅಗತ್ಯ. ಶ್ರುತಿ ತಿದ್ದುವ ತಂತ್ರಾಂಶವು ಗಮಕವನ್ನು ದೋಷವೆಂದೇ ಭಾವಿಸಿ ಸಪಾಟಾಗಿಸಬಲ್ಲದು. ತೋಡಿಯ ಗಾಂಧಾರ ತೂಗದೆ ನೇರವಾಗಿ ನಿಂತರೆ ಅದು ತೋಡಿಯಾಗಿ ಉಳಿಯುವುದೇ? ಗಾಯಕರನ್ನು ಕೇಳದೆ ಅವರ ಸ್ವರವನ್ನು ತಿದ್ದದಿರುವುದು ಇಂಜಿನಿಯರರ ಧರ್ಮ. ತಿದ್ದಬಾರದ ಎಡೆಗಳನ್ನು ಮೊದಲೇ ತಿಳಿಸುವುದು ಗಾಯಕರ ಧರ್ಮ.

ಅಭಿಪ್ರಾಯ ಹೇಳುವುದಕ್ಕೂ ಒಂದು ರೀತಿಯಿದೆ. ‘ಮೂರು ಡೆಸಿಬೆಲ್ ಏರಿಸಿ’ ಎಂಬ ಅಪ್ಪಣೆಗಿಂತ ‘ಎರಡನೆಯ ಚರಣದ ಕೊನೆಯ ಮಾತು ಕೊಳಲಿನಲ್ಲಿ ಮುಳುಗುತ್ತಿದೆ’ ಎಂಬ ವಿವರಣೆ ಹೆಚ್ಚು ಉಪಕಾರಿ. ತೊಂದರೆಯನ್ನು ಕಲಾವಿದರು ಹೇಳಲಿ, ಪರಿಹಾರವನ್ನು ಬಲ್ಲವರಿಗೆ ಬಿಡಲಿ. ಐವರು ಐದು ಬಗೆಯಾಗಿ ಹೇಳುವ ಬದಲು ತಮ್ಮೊಳಗೆ ಚರ್ಚಿಸಿ, ಒಬ್ಬರ ಮೂಲಕ ಒಂದೇ ಪಟ್ಟಿಯನ್ನು ಕಳುಹಿಸಬೇಕು. ಅದಕ್ಕೆ ಮೊದಲು ಹಾಡನ್ನು ಹೆಡ್‌ಫೋನಿನಲ್ಲಿ, ಕಾರಿನಲ್ಲಿ, ಮನೆಯ ಸಣ್ಣ ಸ್ಪೀಕರಿನಲ್ಲಿ ಹದವಾದ ಧ್ವನಿಯಲ್ಲಿ ಕೇಳಿ, ಒಂದು ರಾತ್ರಿ ಕಳೆದು ಮತ್ತೆ ಕೇಳುವುದು ಒಳ್ಳೆಯದು. ದಣಿದ ಕಿವಿ ಸರಿಯಾದ ತೀರ್ಪು ಕೊಡಲಾರದು.

ಭಕ್ತಿಗೀತೆಗಳನ್ನು ಹೊರತರುವ ಸಂಘ, ಟ್ರಸ್ಟುಗಳವರು ಇನ್ನೊಂದು ವಿಚಾರವನ್ನು ಗಮನಿಸಬೇಕು. ಸಂಭಾವನೆಯೆಷ್ಟು, ತಿದ್ದುಪಡಿ ಎಷ್ಟು ಬಾರಿ ಎಂಬುದನ್ನು ಮೊದಲೇ ನಿಶ್ಚಯಿಸದೆ, ಕೊನೆಯಲ್ಲಿ ‘ಇದು ಸೇವೆಯಲ್ಲವೇ’ ಎಂದು ಐದನೆಯ, ಆರನೆಯ ಬಾರಿಯ ದುಡಿಮೆಯನ್ನು ಉಚಿತವಾಗಿ ಬೇಡುವುದು ಸಲ್ಲದು. ಸೇವೆಯನ್ನು ಮಾಡುವವರು ತಾವಾಗಿ ಸಂಕಲ್ಪಿಸಬೇಕು. ಮತ್ತೊಬ್ಬರ ಪರವಾಗಿ ನಾವು ಸಂಕಲ್ಪಿಸಲು ಬಾರದು. ಹಾಡು ಪ್ರಕಟವಾಗುವಾಗ ಗಾಯಕರ ಹೆಸರಿನೊಡನೆ ಇಂಜಿನಿಯರರ ಹೆಸರೂ ಇರಲಿ. ಒಪ್ಪಿದ ಹಣವನ್ನು ಒಪ್ಪಿದ ದಿನವೇ ಸಲ್ಲಿಸುವುದೂ ಆ ಗೌರವದ ಒಂದು ಭಾಗವೇ.